ಮಾಮ ಸೇರಿಸಿದ ಕೊನೆಯ ಹಾಡು

ಎಡಗಾಲಿನ ಹಿಮ್ಮಡಿಯ ಅಂಚಿನಲ್ಲಿ ತೊಗರಿ ಕಾಳಿನಷ್ಟು ಒಂದು ಸುಟ್ಟ ಕಲೆ ಇತ್ತು. ಪಾದಕ್ಕೆಲ್ಲ ಅರಿಷಿಣ ಬಳಿದಿದ್ದರೂ ಆ ಕಲೆಯ ಮೇಲೆ ಅದು ಹಿಡಿದಿರಲಿಲ್ಲ. ನಾನು ಕುಳಿತ ಜಾಗದಿಂದ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿತ್ತು.

ಅದು ಗಂಡಸಿನ ಕಾಲು ಎಂದು ಇಡೀ ಕಮಲಾಪುರ ನಂಬಿತ್ತು. ಆ ಕಲೆಯನ್ನು ನೋಡುವ ತನಕ ನಾನೂ ನಂಬಿದ್ದೆ.

ನಾನು ಆಗ ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಕಲಬುರಗಿಗೆ ಮರಳಿದ್ದೆ. ಅಪ್ಪ ಅದಾಲತ್ತಿನಲ್ಲಿ ವಕೀಲರು. ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೊಂದು ಜಾಗ ಸಿಗುವ ಮಾತು ನಡೆದಿತ್ತು, ಹುಕುಮು ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಕುಳಿತು ಓದುತ್ತಿದ್ದೆ. ಅದು ಒಂದು ಕೆಲಸವೆಂದು ಅವ್ವನಿಗೆ ಅನ್ನಿಸುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಅವಳು ನನ್ನನ್ನು ಕಮಲಾಪುರದ ತನ್ನ ತವರಿಗೆ ಹೊರಡಿಸಿದಳು. ಅಲ್ಲಿ ಯುಗಾದಿ ಕಳೆದ ಮೇಲೆ ಮದುವೆ ಇದೆ, ಆಯಿಗೆ ಕೈಜೋಡಿಸು ಎಂದಳು. ಆಯಿ ಎಂದರೆ ಅವ್ವನ ತಾಯಿ. ಮದುಮಗ ನನ್ನ ಮಾಮ, ಅವ್ವನ ಒಬ್ಬನೇ ತಮ್ಮ. ಮದುಮಗಳು ನನ್ನ ತಂಗಿ, ತೀರಿಕೊಂಡ ಚಿಕ್ಕವ್ವನ ಮಗಳು.

ಅವ್ವ ಇದನ್ನು ಶೇಂಗಾ ಸುಲಿಯುತ್ತ ಹೇಳಿದಳು. ಕೈ ಒಂದು ಸಲವೂ ನಿಲ್ಲಲಿಲ್ಲ. ನಾನು ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತದ್ದು ನೆನಪಿದೆ.

ಸೋದರಮಾವ ಅಕ್ಕನ ಮಗಳನ್ನು ಮಾಡಿಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಅದು ಅವನ ಹಕ್ಕು. ಬೇರೆ ಕಡೆ ಹೆಣ್ಣು ಕೊಡುವ ಮುಂಚೆ ಅವನನ್ನು ಕೇಳಬೇಕು, ಅವನು ಬೇಡವೆಂದರೆ ಮಾತ್ರ ಹೊರಗಿನವರಿಗೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ತಂಗಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ತಾಯಿ ತೀರಿದಳು, ಅದಕ್ಕೂ ಮೊದಲೇ ತಂದೆ ಹೋಗಿದ್ದರು. ಅಂದಿನಿಂದ ಅವಳು ಬೆಳೆದದ್ದು ಮಾಮನ ಮನೆಯಲ್ಲಿ. ಮೊದಲ ಜ್ವರಕ್ಕೆ ಅವನೇ ಕಷಾಯ ಕುಡಿಸಿದ್ದ. ಮಾಮಿ ಬದುಕಿದ್ದಾಗ ಇಬ್ಬರ ನಡುವೆ ಮಲಗುತ್ತಿದ್ದಳು. ಮಾಮಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆ ವರ್ಷಗಳಲ್ಲಿ ತಂಗಿಯನ್ನು ಕೇಳಿ ಬಂದ ಸಂಬಂಧಗಳನ್ನೆಲ್ಲ ಅವನು ಒಂದೊಂದು ನೆಪ ಹೇಳಿ ತಿರುಗಿಸಿದ್ದು ಯಾಕೆಂದು ಈಗ ತಿಳಿಯಿತು. ಅವಳಿಗೆ ಇಪ್ಪತ್ತು ತುಂಬಿತ್ತು, ಅವನಿಗೆ ನಲವತ್ತು ದಾಟಿತ್ತು.

ಸಂಜೆ ಅಪ್ಪನನ್ನು ಕೇಳಿದೆ, ಕಾನೂನಿನಲ್ಲಿ ಇದನ್ನು ತಡೆಯಲು ಬರುವುದಿಲ್ಲವೇ ಎಂದು. ಅಪ್ಪ ಶೇರವಾನಿಯ ಗುಂಡಿ ಬಿಚ್ಚುತ್ತ, ರಿವಾಜು ಇದ್ದಲ್ಲಿ ಕಾನೂನು ಚಪ್ಪಲಿ ಹೊರಗೆ ಬಿಟ್ಟು ಬರುತ್ತದೆ ಎಂದರು. ಅವರು ತಮಾಷೆಗೆ ಹೇಳಿದ್ದಲ್ಲ.

ಅದೇ ಮಾಮ ಮೊದಲು ನನ್ನನ್ನು ಮಾಡಿಕೊಳ್ಳುವ ಮಾತೂ ಎತ್ತಿದ್ದ. ನಾನು ಹೈದರಾಬಾದಿಗೆ ಹೋದ ಸುದ್ದಿ ತಿಳಿದ ಮೇಲೆ, ಇಂಗ್ರೇಜಿ ಕಲಿತ ಹೆಣ್ಣು ರೊಟ್ಟಿ ಬಡಿಯುವುದಿಲ್ಲ ಎಂದು ತಾನೇ ಕೈಬಿಟ್ಟಿದ್ದ. ಹೀಗಾಗಿ ನಾನು ಈ ಲೆಕ್ಕದಿಂದ ಹೊರಗೆ ಎಂದು ತಿಳಿದುಕೊಂಡಿದ್ದೆ.

ಕಮಲಾಪುರಕ್ಕೆ ಹೋಗಿ ಇಳಿದಾಗ ಮೊದಲು ಕಂಡದ್ದು ಕಿಟಕಿ. ಓಣಿಗೆ ಮುಖ ಮಾಡಿದ ಒಂದೇ ಒಂದು ಕಿಟಕಿ ಆ ಮನೆಗೆ. ಅದಕ್ಕೆ ಮಾಮ ಫರ್ಷಿಕಲ್ಲು ನಿಲ್ಲಿಸಿ ಗಚ್ಚು ಹಾಕಿಸಿದ್ದ. ಒಳಗೆ ಹಗಲು ಹೊತ್ತಿನಲ್ಲೂ ಚಿಮಣಿ ದೀಪ. ತಂಗಿ ಬಾವಿಗೆ ಹೋಗುವಂತಿರಲಿಲ್ಲ. ಬಳೆಗಾರ ಬಂದರೆ ಕಟ್ಟೆಯ ಮೇಲೆ ಆಯಿ ಕೂತು ತನ್ನ ಕೈ ಅಳತೆ ಕೊಡಬೇಕು, ಆ ಬಳೆ ತಂಗಿ ಹಾಕಿಕೊಳ್ಳಬೇಕು. ಆಯಿಯದು ದಪ್ಪ ಕೈ. ತಂಗಿ ಕೈ ಇಳಿಬಿಟ್ಟರೆ ಬಳೆಗಳು ನೆಲಕ್ಕೆ ಬೀಳುತ್ತಿದ್ದವು. ಅವಳು ರೊಟ್ಟಿ ಬಡಿಯುವಾಗಲೆಲ್ಲ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ಕೂಡುತ್ತಿದ್ದಳು.

ಅವನು ಕೆಟ್ಟ ಮನುಷ್ಯ ಎಂದು ಬರೆದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಊರಿನವರು ಸಾವ್ಕಾರ್ರ ಎಂದು ಎದ್ದು ನಿಲ್ಲುತ್ತಿದ್ದರು. ಕೆಂಪು ಬಾಳೆಯ ತೋಟವಿತ್ತು, ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಮೊದಲ ಗೊನೆ ಅಲ್ಲಿಗೆ ಹೋಗುತ್ತಿತ್ತು. ದನಿ ಬಹಳ ಒಳ್ಳೆಯದು. ಪಂಚಾಯಿತಿಗೆ ಕೂತರೆ ಅವನ ಮಾತೇ ಕೊನೆ, ಯಾಕೆಂದರೆ ರಿವಾಜಿನ ವಿಷಯದಲ್ಲಿ ಅವನು ತನ್ನವರು, ಬೇರೆಯವರು ಎಂದು ನೋಡುತ್ತಿರಲಿಲ್ಲ. ನಾನು ಹೋಗುವುದಕ್ಕೆ ಸ್ವಲ್ಪ ಹಿಂದೆ ಕೊಟ್ಟ ಒಂದು ತೀರ್ಪನ್ನು ಊರು ಇನ್ನೂ ಹೇಳಿಕೊಳ್ಳುತ್ತಿತ್ತು. ಅದನ್ನು ಇಲ್ಲಿ ಬರೆಯಲೇಬೇಕು.

ನಮ್ಮ ಕಡೆ ಮನೆಗೆ ಬಂದ ಯಾವ ಮುತ್ತೈದೆಗೂ ಉಡಿ ತುಂಬುತ್ತಾರೆ, ಸೆರಗಿನಲ್ಲಿ ಕಾಳು, ಕಾಯಿ, ಕುಬಸದ ಖಣ ಹಾಕಿ ಕಳಿಸುತ್ತಾರೆ. ಅದು ಮರ್ಯಾದೆ. ಮಗಳನ್ನು ಕಳಿಸುವ ಉಡಿ ಬೇರೆ. ಅದನ್ನು ಹೊಸ್ತಿಲ ಒಳಗೆ ನಿಂತು, ಹೊರಗೆ ನಿಂತವಳಿಗೆ ತುಂಬಬೇಕು. ಐದು ಉತ್ತತ್ತಿ, ಐದು ಅರಿಷಿಣ ಕೊಂಬು, ಕಾಯಿ, ಮನೆಯ ಹಗೇವಿನ, ಅಂದರೆ ನೆಲದೊಳಗಿನ ಕಣಜದ ಜೋಳ, ಹಸಿರು ಖಣ. ತುಂಬಿಸಿಕೊಂಡವಳು ಒಂದು ಹಿಡಿ ಜೋಳವನ್ನು ತಿರುಗಿ ಮನೆಯೊಳಕ್ಕೆ ಎರಚಿ, ಹಿಂದೆ ನೋಡದೆ ಹೋಗಬೇಕು. ಅಲ್ಲಿಂದ ಆ ಮನೆ ಅವಳಿಗೆ ತವರು, ತುಂಬಿದವರಿಗೆ ಅವಳು ಮಗಳು. ಊರಿನ ಒಬ್ಬ ಹೆಂಗಸು ಅನಾಥ ಹುಡುಗಿಯೊಬ್ಬಳಿಗೆ ಪ್ರೀತಿಯಿಂದ ಈ ಉಡಿ ತುಂಬಿದ್ದಳು. ಮುಂದೆ ಅದೇ ಹುಡುಗಿಯನ್ನು ತನ್ನ ಮಗನಿಗೆ ತರಲು ಹೊರಟಳು. ಮಾಮ ಆ ಮದುವೆ ನಿಲ್ಲಿಸಿದ. ತಿಳಿಯದೆ ಮಾಡಿದೆ ಎಂದು ಅವಳು ಅತ್ತಳಂತೆ. ಅದಕ್ಕೆ ಅವನು ಹೇಳಿದ ಮಾತು ಊರಿಗೆ ಬಾಯಿಪಾಠವಾಗಿತ್ತು: "ತಿಳಿದು ತುಂಬಿದರೂ ಉಡಿ ಉಡೀನ, ತಿಳೀದ ತುಂಬಿದರೂ ಉಡೀನ. ಮಗಳು ಅಂದ ಬಾಯಿಲೆ ಸೊಸಿ ಅನ್ನಬಾರದು."

ಮದುವೆಗೆ ಮುಂಚೆ ಊರಿನಲ್ಲಿ ಸಣ್ಣಾಟ ಆಡುವುದೆಂದು ಮಾಮ ನಿಶ್ಚಯಿಸಿದ್ದ. ಹಾಡು, ಕುಣಿತ, ನಗೆಮಾತು ಕೂಡಿದ ಆಟ ಅದು. ಮಾತಿಗಿಂತ ಹಾಡೇ ಹೆಚ್ಚು. ಆಟ ಕಟ್ಟಿಕೊಟ್ಟವರು ಊರಿನ ಶಾಲೆಯ ಮಾಸ್ತರರು. ಕುಸನೂರ ಕಡೆಯವರು, ನಮ್ಮದೇ ಜನ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಕಥೆ ಹೀಗಿತ್ತು: ಒಬ್ಬ ಸಾಹುಕಾರ ತನ್ನ ಆಶ್ರಯದಲ್ಲಿರುವ ಹುಡುಗಿಯನ್ನು ಕೋಣೆಯಲ್ಲಿಟ್ಟು ಕೀಲಿ ಹಾಕಿ, ಕೀಲಿಕೈಯನ್ನು ಜನಿವಾರದಂತೆ ಕೊರಳಿಗೆ ಹಾಕಿಕೊಂಡು ತಿರುಗುತ್ತಾನೆ, ತಾನೇ ಮದುವೆಯಾಗಬೇಕೆಂದು. ಒಬ್ಬ ಹುಡುಗ ದಿನಕ್ಕೊಂದು ವೇಷ ಹಾಕಿ ಅವನನ್ನು ಮಂಗ ಮಾಡುತ್ತಾನೆ.

ಮೊದಲ ಸಲ ಇದನ್ನು ಕೇಳಿದಾಗ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟೆ. ಮಾಮನ ಮುಖ ನೋಡಿದೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಸಾಹುಕಾರನ ಪಾತ್ರ ಅವನದೇ. ಹೆಚ್ಚು ಹಾಡು ಇದ್ದದ್ದು ಆ ಪಾತ್ರಕ್ಕೆ. ಇಂಥ ಹುಚ್ಚರೂ ಇರ್ತಾರಲ್ಲ ಮಾಸ್ತರ, ಎಂದು ಅವನು ಕಣ್ಣೊರೆಸಿಕೊಳ್ಳುತ್ತಿದ್ದ. ಮಾಸ್ತರರು ತಲೆ ತಗ್ಗಿಸಿ ಹಾರ್ಮೋನಿಯಂ ಪೇಟಿಯ ಧೂಳು ಒರೆಸುತ್ತಿದ್ದರು. ಮಾಮನ ಬೆನ್ನ ಹಿಂದೆ ಗಚ್ಚು ಹಾಕಿದ ಕಿಟಕಿ ಇತ್ತು. ಊರಿನವರೆಲ್ಲ ಆ ಕಿಟಕಿಯನ್ನೂ ಅವನನ್ನೂ ನೋಡುತ್ತಿದ್ದರು. ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಅಥವಾ ಹೇಳಿದರೆ ಆಟ ನಿಂತೀತೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು.

ಇದಕ್ಕಿಂತ ದೊಡ್ಡ ಗಾಬರಿ ಮರುವಾರ ಕಾದಿತ್ತು. ನಾನು ಅಡಿಗೆಮನೆಗೆ ಹೋದರೆ ಮಾಸ್ತರರು ಸೀರೆಯುಟ್ಟು ಒಲೆಯ ಮುಂದೆ ನಿಂತಿದ್ದರು. ಸೊಂಟದ ಮೇಲೆ ಕೊಡ. ಆಯಿ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ತಂಗಿ ಅವರಿಗೆ ನಡೆಯುವುದನ್ನು ಕಲಿಸುತ್ತಿದ್ದಳು.

ನಾಲ್ಕು ವರ್ಷ ಪಟ್ಟಣದಲ್ಲಿ ಓದಿದವಳು ನಾನು. ಪರದೆಯ ಆ ಬದಿಯಿಂದ ಗಂಡಸು ಅಧ್ಯಾಪಕರ ಪಾಠ ಕೇಳಿದವಳು. ಆದರೂ ಅಡಿಗೆಮನೆಯಲ್ಲಿ ಪರಗಂಡಸನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟೆ. ಕಳಿಸಿದವನು ಸ್ವತಃ ಮಾಮ ಎಂದು ಆಯಿ ಹೇಳಿದಳು. ಮಾಸ್ತರರು ಆಟದಲ್ಲಿ ಹುಡುಗಿಯ ಪಾತ್ರ ಮಾಡುತ್ತಿದ್ದರು. ಹೆಣ್ಣಿನ ನಡಿಗೆ ಬರುತ್ತಿಲ್ಲ, ಕುರಿ ಕಾಯುವವರಂತೆ ಕಾಲು ಹಾಕುತ್ತಾರೆ ಎಂದು ಮಾಮ ಬೈದು, ಒಳಗೆ ಹೋಗಿ ಮನೆಯ ಹೆಣ್ಣುಮಕ್ಕಳಿಂದ ಕಲಿತುಕೊಂಡು ಬಾ ಎಂದಿದ್ದ. ನಮ್ಮಲ್ಲಿ ಹೆಣ್ಣುಪಾತ್ರ ಮಾಡುವವನನ್ನು ಯಾರೂ ಗಂಡಸೆಂದು ಎಣಿಸುವುದಿಲ್ಲ. ಅವನ ಮುಂದೆ ಹೆಂಗಸರು ಸೆರಗು ಸರಿಮಾಡಿಕೊಳ್ಳುವುದೂ ಇಲ್ಲ. ಬಳೆಗಾರನ ಬೆರಳಿಗೆ ಹೆದರಿದ ಮನುಷ್ಯ ಮಾಸ್ತರರನ್ನು ಕೈಹಿಡಿದು ಒಲೆಯ ತನಕ ಬಿಟ್ಟುಹೋಗಿದ್ದ.

ಆಟದ ತಾಲೀಮು ನಡೆದಷ್ಟು ಕಾಲ ಮಾಸ್ತರರು ದಿನವೂ ಬಂದರು. ತಂಗಿ ನೆರಿಗೆ ಹಿಡಿಯುವುದನ್ನು ಕಲಿಸಿದಳು, ಕುಂಕುಮ ಇಡುವಾಗ ಕನ್ನಡಿ ಎಷ್ಟು ದೂರ ಹಿಡಿಯಬೇಕೆಂದು ಕಲಿಸಿದಳು. ಒಂದು ದಿನ ಅವರ ಕೈಯಲ್ಲಿ ಹೊಸ ಬಳೆಗಳಿದ್ದವು, ಪಾತ್ರಕ್ಕೆಂದು ಕಲಬುರಗಿಯ ಗಂಜ್ ಪೇಟೆಯಿಂದ ತರಿಸಿದವು. ಮರುದಿನ ಅವು ತಂಗಿಯ ಕೈಯಲ್ಲಿದ್ದವು, ಸರಿಯಾಗಿ ಕೂತಿದ್ದವು. ನಾನು ನೋಡಿದೆ. ಇನ್ನೊಬ್ಬರ ಎದೆಯ ಮಾತನ್ನು ಕೇಳುವ ಅಭ್ಯಾಸ ನನಗಿಲ್ಲ.

ಅವಳೇ ಒಂದು ಮಧ್ಯಾಹ್ನ ಕೇಳಿದಳು.

"ಅಕ್ಕಾ, ಇಷ್ಟ ಓದೀದಿ. ಮಾಮಾನ್ನ ಬ್ಯಾಡ ಅನ್ನಾಕ ಏನರ ಹಾದಿ ಬರದಾರೇನು ಅದರಾಗ?"

ಇಲ್ಲ ಎಂದೆ. ಅವಳು ತಲೆಯಾಡಿಸಿ ಹಿಟ್ಟು ನಾದಲು ಹೋದಳು. ನಾನು ಮಾಮನಿಗೆ ಹೇಳಿ ನೋಡಬಹುದಿತ್ತೆಂದು ಓದುವವರಿಗೆ ಅನ್ನಿಸಬಹುದು. ಹೇಳಿದ್ದೆ. ಅವಳಿಗೆ ಮನಸ್ಸಿಲ್ಲ ಮಾಮಾ, ಎಂದದ್ದಕ್ಕೆ, ಬಾಳೆಗೂ ಗೊನೆ ಕೊಯ್ಯುವಾಗ ಮನಸ್ಸು ಇರುವುದಿಲ್ಲ ಎಂದು ಹೇಳಿ ತೋಟಕ್ಕೆ ಹೋದ.

ತಾಲೀಮು ಮುಗಿಯುತ್ತ ಬಂದಾಗ ಮಾಮನಿಗೆ ಒಂದು ಕೊರಗು ಹತ್ತಿತು. ಆಟದುದ್ದಕ್ಕೂ ತಾನು ನಗೆಪಾಟಲಾಗುತ್ತೇನೆ, ಕೊನೆಯಲ್ಲಾದರೂ ಜನ ಕಣ್ಣೀರು ಹಾಕಬೇಕು ಎಂದ. ಮಾಸ್ತರರ ಕಥೆಯಲ್ಲಿ ಸಾಹುಕಾರ ಸೋತು ಓಡಿಹೋಗುತ್ತಿದ್ದ. ಮಾಮ ಅದನ್ನು ಅಳಿಸಿ, ತಾನೇ ಒಂದು ಹಾಡು ಕಟ್ಟಿದ: ಸಾಹುಕಾರನಿಗೆ ಬುದ್ಧಿ ಬಂದು, ಹುಡುಗಿಯನ್ನು ಮಗಳೆಂದು ಕರೆದು, ಉಡಿ ತುಂಬಿ ಕಳಿಸಿಕೊಡುವ ಹಾಡು. ಆ ಹೊತ್ತಿಗೆ ಹುಡುಗಿಗೆ ಮಾತಿಲ್ಲ. ಸೆರಗು ಮುಖದ ಮೇಲೆಳೆದುಕೊಂಡು ಅಳುತ್ತ ನಿಲ್ಲಬೇಕು. ಹಾಡು ನಿಜವಾಗಿಯೂ ಚೆನ್ನಾಗಿತ್ತು. ಆಯಿ ಕೇಳಿ, ಮತ್ತೊಮ್ಮೆ ಹಾಡು ಎಂದಳು. ಹಾಡಿದ. ಉಡಿಗೆ ಏನೇನು ಬೇಕೋ ಎಲ್ಲವನ್ನೂ ಮನೆಯಿಂದಲೇ ಕೊಡುತ್ತೇನೆ ಎಂದಳು. ಮಾಮನಿಗೆ ಖುಷಿಯಾಯಿತು. ಗೋಣಿಚೀಲದ ತುಂಡನ್ನು ಖಣ ಎಂದು ತೋರಿಸುವ ಆಟಗಾರರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ನನ್ನ ಆಟದಾಗ ಖೋಟಾ ನಡೆಯಂಗಿಲ್ಲ, ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಆಟಕ್ಕೆ ಹಾಕಿದ ಅಟ್ಟದ ಮೇಲೆ ನಿಜವಾದ ಹೊಸ್ತಿಲನ್ನೇ ಇಡಿಸಿದ.

ಆಟ ಹಗಲಿನಲ್ಲೇ ನಡೆಯಿತು. ಜನ ಸೇರುವುದಕ್ಕೆ ಸರಕಾರದ ಅಪ್ಪಣೆ ಬೇಕಾಗಿದ್ದ ದಿನಗಳು. ಪೊಲೀಸು ಅಮೀನ ಸಾಹೇಬರು ದೀಪ ಹಚ್ಚುವ ಹೊತ್ತಿಗೆ ಮುಗಿಸಬೇಕೆಂಬ ಕರಾರಿನ ಮೇಲೆ ಇಜಾಜತ್ ಕೊಟ್ಟು, ತಾವೂ ಬಂದು ಮುಂದಿನ ಖುರ್ಚಿಯಲ್ಲಿ ಕೂತಿದ್ದರು. ಮಗ್ಗುಲಲ್ಲಿ ಊರಿನ ಹಿರಿಯ ಪಂಚರು. ಹೆಂಗಸರು ಸುತ್ತಲಿನ ಮಾಳಿಗೆಗಳ ಮೇಲೆ. ಅವ್ವನೂ ಕಲಬುರಗಿಯಿಂದ ಬಂದು ಅಲ್ಲಿದ್ದಳು. ಬಿ.ಎ. ಓದಿದ ಅಕ್ಕನ ಮಗಳು ತನ್ನ ಆಟದಲ್ಲಿ ಆಟಗಾರರು ಮರೆತ ಮಾತು ಎತ್ತಿಕೊಡುತ್ತಾಳೆಂಬುದು ಮಾಮನಿಗೆ ಹೆಮ್ಮೆ. ಅಟ್ಟದ ಮಗ್ಗುಲಿಗೆ, ಪರದೆಯ ಹಿಂದೆ, ನೆಲದ ಮೇಲೆ ನನಗೆ ಚಾಪೆ ಹಾಕಿಸಿದ್ದ. ನನ್ನ ಕಣ್ಣು ಆಟಗಾರರ ಪಾದಗಳ ಮಟ್ಟದಲ್ಲಿತ್ತು.

ಜನ ನಕ್ಕಷ್ಟು ನಾನು ಆ ಊರಿನಲ್ಲಿ ಯಾವತ್ತೂ ಕೇಳಿರಲಿಲ್ಲ. ಮಾಮ ಕೊರಳಿನ ಕೀಲಿಕೈ ಮುಟ್ಟಿ ನೋಡಿಕೊಂಡಾಗಲೆಲ್ಲ ಒಂದು ಅಲೆ. ಮಾಸ್ತರರು ಕೊಡ ಹೊತ್ತು ನಡೆದರೆ ಮಾಳಿಗೆಯ ಹೆಂಗಸರು ಇದು ಯಾರ ನಡಿಗೆ, ಯಾರ ನಡಿಗೆ ಎಂದು ಪಿಸುಗುಟ್ಟಿದರು. ಆಮೇಲೆ ಕೊನೆಯ ಹಾಡು ಬಂತು. ಪೇಟಿಯವನು ರಾಗ ಬದಲಿಸಿದ. ಮಾಮ ಹೊಸ್ತಿಲ ಒಳಗೆ ನಿಂತ. ಹುಡುಗಿ ಹಿಂದಿನ ಬಾಗಿಲಿನಿಂದ ಬಂದು ಹೊರಗೆ ನಿಂತಳು, ಸೆರಗು ಎದೆಯವರೆಗೆ ಇಳಿದಿತ್ತು. ಪಾದಗಳು ನನ್ನ ಮುಂದೆ ಬಂದು ನಿಂತವು.

ಆಗ ಕಂಡದ್ದು ಆ ಕಲೆ. ನಾವು ಚಿಕ್ಕವರಿದ್ದಾಗ ಹೊಲದಲ್ಲಿ ಸೀತನಿ ಸುಡುತ್ತಿದ್ದರು, ಎಳೆ ಜೋಳದ ತೆನೆ. ಸಗಣಿ ಕುಳ್ಳಿನ ಕೆಂಡ ತುಳಿದವಳು ತಂಗಿ. ಅವಳ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಊದಿದವಳು ನಾನು.

ನಮ್ಮಂಥ ಮನೆಯ ಹೆಣ್ಣು ಆಟದ ಅಟ್ಟ ಹತ್ತುವುದೆಂದರೆ ಏನೆಂದು ಇಂದಿನ ಓದುಗರಿಗೆ ತಿಳಿಸುವುದು ಕಷ್ಟ. ಅಮೀನರು, ಪಂಚರು, ಇಡೀ ಊರಿನ ಗಂಡಸರು ಎದುರಿಗೆ. ಮುಂದೆ ಏನಾಗುತ್ತದೆಂದು ನನಗೆ ಹೊಳೆದಿರಲಿಲ್ಲ. ಸಿಕ್ಕಿಬಿದ್ದರೆ ಅವಳನ್ನು ಯಾರೂ ಮಾಡಿಕೊಳ್ಳುವುದಿಲ್ಲ, ಮಾಮನ ಹೊರತು ಅವಳಿಗೆ ಗತಿ ಇರುವುದಿಲ್ಲ ಎಂಬುದಷ್ಟೇ ತಲೆಯಲ್ಲಿತ್ತು.

ಮಾಮ ಹಾಡುತ್ತ ಜೋಳ ಹಾಕಿದ. ಉತ್ತತ್ತಿ ಹಾಕಿದ. ಅರಿಷಿಣ ಕೊಂಬು, ಕಾಯಿ ಹಾಕಿದ. ಖಣ ಬಿಚ್ಚಿ ಕಾಯಿಯ ಮೇಲಿಟ್ಟ. ಆ ಖಣ ಹಾಕುವಾಗ ಅವನ ದನಿ ನಿಂತಿತು. ಮಾತು ಮರೆತಿದ್ದ. ತನ್ನ ಹಾಡಿಗೆ ತಾನೇ ಕರಗಿ, ಕಣ್ಣು ತುಂಬಿ, ಮುಂದಿನ ಸಾಲು ಬಾಯಿಗೆ ಬರದೆ ಪರದೆಯ ಕಡೆ ನನ್ನನ್ನು ನೋಡಿದ.

ಮುಂದಿನ ಮಾತು ಯಾವುದೆಂದು ನನಗೆ ಗೊತ್ತಿತ್ತು. ಆಗಲೇ ಆ ತೀರ್ಪೂ ನೆನಪಾಯಿತು. ಹೊಸ್ತಿಲು, ಹಗೇವಿನ ಜೋಳ, ಹಸಿರು ಖಣ, ಎಲ್ಲ ಒಮ್ಮೆಲೇ ಅರ್ಥವಾಯಿತು. ನಾನು ಸುಮ್ಮನಿದ್ದರೆ ಹಾಡು ಅಲ್ಲೇ ಮುರಿಯುತ್ತಿತ್ತು.

"ಇಂದಿಗೆ ನೀ ನನ್ನ ಮಗಳ," ಎಂದು ಎತ್ತಿಕೊಟ್ಟೆ.

ಅವನು ಅದನ್ನು ತುಂಬಿದ ದನಿಯಲ್ಲಿ, ಮೂರು ಸಲ, ಮಾಳಿಗೆಗಳಿಗೆಲ್ಲ ಕೇಳುವಂತೆ ಹಾಡಿದ. ಹೆಂಗಸರು ಮೂಗು ಒರೆಸಿಕೊಂಡರು. ಹುಡುಗಿ ಒಂದು ಹಿಡಿ ಜೋಳ ಹೊಸ್ತಿಲೊಳಗೆ ಎರಚಿದಳು. ನಂತರ ಆಟದಲ್ಲಿ ಇಲ್ಲದ ಮಾತು ಆಡಿದಳು.

"ಅಪ್ಪಾ, ನಾ ಹೋಗಿ ಬರ್ತೀನಿ."

ಮಾಸ್ತರರು ಹೆಣ್ಣುದನಿ ಎಷ್ಟು ಚಂದ ತೆಗೆದರೆಂದು ಜನ ನಕ್ಕರು. ಅವಳು ಸೆರಗು ಹಿಂದಕ್ಕೆ ಸರಿಸಿದಳು. ನಗು ಒಂದೊಂದೇ ಮೂಲೆಯಲ್ಲಿ ನಿಂತುಹೋಯಿತು. ಪೇಟಿಯವನು ಮಾತ್ರ ತಿಳಿಯದೆ ಇನ್ನೂ ಬಾರಿಸುತ್ತಿದ್ದ.

ಮಾಮ ಅವಳನ್ನು ನೋಡಿದ, ತನ್ನ ಅಂಗೈ ನೋಡಿಕೊಂಡ. ಬೆವರಿಗೆ ಜೋಳದ ಕಾಳು ಅಂಟಿಕೊಂಡಿದ್ದವು. ಇದು ಆಟ, ಇದು ಬರೀ ಆಟ ಎಂದು ಎರಡು ಸಲ ಹೇಳಿದ. ಹಿರಿಯ ಪಂಚರು ಕೋಲೂರಿ ಎದ್ದರು.

"ನನ್ನ ಆಟದಾಗ ಖೋಟಾ ನಡೆಯಂಗಿಲ್ಲ ಅಂದಾವ್ರು ಯಾರ್ರೀ ಸಾವ್ಕಾರ್ರ? ತಿಳೀದ ತುಂಬಿದರೂ ಉಡೀನ ಅಂದಾವ್ರು ಯಾರು? ಆ ಹೆಣ್ಣಮಗಳು ನಿಮ್ಮ ಕಾಲಿಗಿ ಬಿದ್ದಳು. ನೀವು ಬಿಟ್ಟಿಲ್ಲ. ನಾವು ಹ್ಯಾಂಗ ಬಿಡೂಣು?"

ಅಮೀನ ಸಾಹೇಬರು ನಗು ತಡೆಯಲಾರದೆ ರುಮಾಲಿನಿಂದ ಮೀಸೆ ಒತ್ತಿಕೊಳ್ಳುತ್ತಿದ್ದರು. "ಬೇಟಿ ಬೋಲೇ ನಾ ಸಾವ್ಕಾರ್ ತುಮ್? ಬೇಟೀಚ್ ಹೈ ಫಿರ್," ಎಂದರು. ಮಗಳೆಂದ ಮೇಲೆ ಮಗಳೇ. ಅದೂ ಮೂರು ಸಲ, ಸುರದಲ್ಲಿ, ಎಂದು ಸೇರಿಸಿದರು. ಮಾಸ್ತರರು ಹಿಂದಿನ ಬಾಗಿಲಿನಿಂದ ಬಂದರು. ಧೋತರದ ಮೇಲೆ ಕುಬಸ, ಒಂದು ಕಿವಿಯಲ್ಲಿ ಇನ್ನೂ ಜುಮಕಿ. ಮಾಮನ ಪಾದ ಮುಟ್ಟಿ, ಮಗಳನ್ನು ಕೊಡಿರಿ ಎಂದು ಕೇಳಿದರು. ಇಡೀ ಊರು ಬಿದ್ದು ಬಿದ್ದು ನಕ್ಕಿತು. ನನಗೆ ನಗು ಬರಲಿಲ್ಲ. ಆ ಜುಮಕಿ ನಡುಗುತ್ತಿತ್ತು.

ಮಾಮ ತಾಯಿಯನ್ನು ಹುಡುಕಿದ. ಆಯಿ ಅಟ್ಟದ ಹಿಂದೆ ನಿಂತಿದ್ದಳು. ತಂಗಿಯನ್ನು ಸೆರಗಿನ ಮರೆಯಲ್ಲಿ ಕರೆತಂದವಳು ಅವಳು. ಉಡಿ ಜೋಡಿಸಿದವಳು ಅವಳು. ಇದನ್ನು ಹೂಡಿದವರು ಮಾಸ್ತರರು ಎಂದು ನಾನು ತಿಳಿದಿದ್ದೆ, ಅಲ್ಲ, ಆಯಿ. ಮನೆಯಲ್ಲಿ ಮಗನ ಮಾತಿಗೆ ಎದುರು ಮಾತು ಆಡದ ಮುದುಕಿ ಹೊಸ್ತಿಲ ಹೊರಗೆ ನಿಂತು ಎಲ್ಲರೆದುರಿಗೆ ಹೇಳಿದಳು: "ನನ್ನೂ ಸೋದರಮಾವಗ ಕೊಟ್ಟಿದ್ರಪ್ಪಾ. ಆತ ಮಣ್ಣಾದಾಗ ನನಗ ಈ ಕೂಸಿನಷ್ಟ ವಯಸ್ಸು. ನೀ ಆಗ ಮೊಲಿ ಬಿಟ್ಟಿರಲಿಲ್ಲ."

ಮಾಮ ಹೊಸ್ತಿಲ ಮೇಲೆ ಕೂತುಬಿಟ್ಟ. ಅಂಗೈಗೆ ಅಂಟಿದ ಕಾಳು ಒರೆಸಿಕೊಂಡು, ಕೊಟ್ಟೆ, ಎಂದ. ಯಾರಿಗೆ, ಏನು ಎಂದು ಹೇಳಲಿಲ್ಲ. ಅಷ್ಟು ಸಾಕಾಯಿತು.

ಅಲ್ಲಿಗೆ ಮುಗಿದಿದ್ದರೆ ಈ ಬರಹವೂ ಮುಗಿಯುತ್ತಿತ್ತು. ಜನ ಏಳುತ್ತಿದ್ದಾಗ ಯಾರೋ ಮಾಮನ ಬೆನ್ನು ತಟ್ಟಿ ಸಮಾಧಾನಕ್ಕೆ ಹೇಳಿದರು: "ಹೋಗ್ಲಿ ಬಿಡ್ರಿ ಸಾವ್ಕಾರ್ರ. ಅಕ್ಕನ ಮಗಳು ಇನ್ನೊಬ್ಬಾಕಿ ಅದಾಳಲ್ಲ, ಓದಿದಾಕಿ."

ನಗುತ್ತ ಹೇಳಿದ ಮಾತು. ಮಾಮ ತಲೆ ಎತ್ತಿ ಪರದೆಯ ಕಡೆ ನೋಡಿದ. ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ನಾನು ಮಾಳಿಗೆಯ ಮೇಲಿದ್ದ ಅವ್ವನನ್ನು ನೋಡಿದೆ. ಅವಳು ಅಲ್ಲ ಎನ್ನಲಿಲ್ಲ. ಮನೆಗೆ ಬಂದ ಮೇಲೂ ಅನ್ನಲಿಲ್ಲ. ತಮ್ಮ ಬಹಳ ನೊಂದಿದ್ದಾನೆ, ಮನೆ ಕಟ್ಟುವವರು ಯಾರಾದರೂ ಬೇಕು, ನೌಕರಿಯ ಹುಕುಮು ಬರುವುದೋ ಇಲ್ಲವೋ, ನೀನೂ ಒಮ್ಮೆ ವಿಚಾರ ಮಾಡು ಎಂದಳು. ಶೇಂಗಾ ಸುಲಿಯುತ್ತ ಹೇಳಿದ ಅದೇ ದನಿ. ಹಕ್ಕು ಸತ್ತಿರಲಿಲ್ಲ, ಒಂದು ಚಾಪೆಯಿಂದ ಇನ್ನೊಂದು ಚಾಪೆಗೆ ಸರಿದಿತ್ತು, ಅಷ್ಟೇ. ನನ್ನ ಬಿ.ಎ. ಎಂಬ ಗೋಡೆಯನ್ನು ನಾನು ಎಷ್ಟು ನಂಬಿದ್ದೆ ಎಂದು ಆಗ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಕಲಬುರಗಿಯ ಮೋಟಾರು ಬರುವ ಮುಂಚೆ ನಾನು ಮಿಂದು, ಟ್ರಂಕು ಕಟ್ಟೆಯ ಮೇಲಿಟ್ಟು, ಆಯಿಯ ಹತ್ತಿರ ಹೋದೆ. ಕೇಳಬೇಕಾದ್ದನ್ನು ಕೇಳಿದೆ. ಅವಳು ಮೊರದಲ್ಲಿ ಜೋಳ, ಉತ್ತತ್ತಿ, ಅರಿಷಿಣ ಕೊಂಬು, ಕಾಯಿ ಇಟ್ಟಳು, ತನ್ನ ಪೆಟ್ಟಿಗೆಯಿಂದ ಒಂದು ಹಸಿರು ಖಣ ತೆಗೆದಳು. ಮಾಮ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಕೀಲಿಕೈ ಇನ್ನೂ ಕೊರಳಲ್ಲೇ ಇತ್ತು. ನಾನು ಮೊರವನ್ನು ಅವನ ಮುಂದಿಟ್ಟು, ಹೊಸ್ತಿಲು ದಾಟಿ ಹೊರಗೆ ನಿಂತು, ಸೆರಗು ಒಡ್ಡಿದೆ.

"ಮಾಮಾ, ಊರಿಗಿ ಹೊಂಟೀನಿ. ಉಡಿ ತುಂಬು."

"ನಿಮ್ಮವ್ವ ತುಂಬ್ತಾಳ," ಎಂದ, ನನ್ನ ಕಡೆ ನೋಡದೆ.

"ಮಗಳ ಉಡಿ. ನಿನ್ನ ಕೈಲೇ ಬೇಕು."

ಒಳಗೆ ಅವ್ವನ ಬಳೆಗಳ ಸದ್ದು ನಿಂತಿತು. ಮಾಮ ಮೊರವನ್ನು ನೋಡಿದ, ಆಯಿಯನ್ನು ನೋಡಿದ, ಕೊನೆಗೆ ನನ್ನನ್ನು.

"ಇದೂ ಮಾಸ್ತರ ಬರದಾನೇನು?"

"ಇಲ್ಲ ಮಾಮಾ, ನೀನ ಬರದದ್ದು," ಎಂದೆ. "ನಾ ಬರೇ ಮಾತು ಎತ್ತಿಕೊಡಾಕತ್ತೀನಿ."

ಮೋಟಾರಿನ ಹಾರನ್ನು ದೂರದಲ್ಲಿ ಕೇಳಿಸಿತು. ಅವನು ಎದ್ದು ಬಂದು ಹೊಸ್ತಿಲೊಳಗೆ ನಿಂತ. ಎರಡೂ ಕೈಯಿಂದ ಜೋಳ ಎತ್ತಿ ಹಾಕಿದ, ಒಂದು ಕಾಳೂ ಕೆಳಗೆ ಬೀಳದ ಹಾಗೆ. ಎಲ್ಲ ಹಾಕಿ ಆದ ಮೇಲೆ ಒಳಗೆ ಹೋಗಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದು ಮೇಲಿಟ್ಟ. ಅದು ಆಟದಲ್ಲಿ ಇರಲಿಲ್ಲ. ಹಾಡಲಿಲ್ಲ, ಹೇಳಬೇಕಾದ ಮಾತನ್ನು ಮೆಲ್ಲಗೆ ಒಂದೇ ಸಲ ಹೇಳಿದ.

ನಾನು ಒಂದು ಹಿಡಿ ಜೋಳ ಹಿಂದಕ್ಕೆ ಎರಚಿದೆ. ಟ್ರಂಕನ್ನು ಕಂಡಕ್ಟರನು ಮೇಲೆ ಹಾಕಿಕೊಂಡ. ನಾನು ತುಂಬಿದ ಸೆರಗನ್ನು ಸೊಂಟಕ್ಕೆ ಗಟ್ಟಿಯಾಗಿ ಕಟ್ಟಿ, ಎರಡೂ ಕೈ ಅದರ ಕೆಳಗೆ ಕೊಟ್ಟುಕೊಂಡು ಮೋಟಾರು ಹತ್ತಿದೆ. ಹಿಂದೆ ನೋಡಲಿಲ್ಲ.